ನೀರಿನ ತೊಟ್ಟಿಗಳಿಗೂ ಈಜುಕೊಳಗಳಿಗೂ ಗಾಜಿನ ನಾರಿನ ಒಳಪದರವನ್ನು ಹಾಕುವ ಕ್ರಮ

ಬಯಲುಸೀಮೆಯ ಗ್ರಾಮಗಳಲ್ಲಿ ಕೊಳವೆಬಾವಿಯಿಂದ ಎತ್ತಿದ ನೀರನ್ನು ಕೂಡಲೇ ಪೈರಿಗೆ ಬಿಡದೆ, ಕಲ್ಲು, ಇಟ್ಟಿಗೆ ಅಥವಾ ಸಿಮೆಂಟು ಕಾಂಕ್ರೀಟಿನಿಂದ ಕಟ್ಟಿದ ತೊಟ್ಟಿಯಲ್ಲಿ ಮೊದಲು ಶೇಖರಿಸಿ, ತರುವಾಯ ಬೇಕಾದ ಹೊತ್ತಿನಲ್ಲಿ ಹಾಯಿಸಿಕೊಳ್ಳುವ ಪದ್ಧತಿಯು ಅನೇಕರಲ್ಲಿ ಬಳಕೆಯಲ್ಲಿರುವುದು. ವಿದ್ಯುಚ್ಛಕ್ತಿಯು ದೊರೆಯುವ ಹೊತ್ತು ಒಂದಾಗಿ, ಪೈರಿಗೆ ನೀರು ಬೇಕಾಗುವ ಹೊತ್ತು ಮತ್ತೊಂದಾಗಿರುವಲ್ಲಿ ಇಂಥ ತೊಟ್ಟಿಯಿಂದ ಬಹಳ ಅನುಕೂಲವುಂಟು. ಆದರೆ ತೊಟ್ಟಿಯನ್ನು ಕಟ್ಟಿದ ಕೆಲವು ವರ್ಷಗಳ ಮೇಲೆ ಗಾರೆಯು ಬಿರಿದು, ನೀರು ನೆಲದೊಳಕ್ಕೆ ಇಂಗಿಹೋಗಲು ಪ್ರಾರಂಭವಾಗುವುದು. ಈ ನಷ್ಟವು ಕಣ್ಣಿಗೆ ಬೀಳುವಂಥದಲ್ಲ. ತುಂಬಿದ ತೊಟ್ಟಿಯು ಬೆಳಗಾಗುವುದರೊಳಗೆ ನಾಲ್ಕು ಬೆರಳು ಇಳಿದಿದ್ದರೆ, ಬಿಸಿಲಿಗೆ ಆರಿರಬೇಕೆಂದು ಸಮಾಧಾನಪಟ್ಟುಕೊಳ್ಳುವವರೇ ಹೆಚ್ಚು. ಆಳದಿಂದ ಕಷ್ಟಪಟ್ಟು ಎತ್ತಿದ ನೀರು ಹೀಗೆ ಮತ್ತೆ ಮಣ್ಣಿನ ಪಾಲಾಗುವುದು ಜಮೀನುದಾರನಿಗೂ ನಷ್ಟ, ಊರಿನ ಅಂತರ್ಜಲಕ್ಕೂ ನಷ್ಟ; ಏಕೆಂದರೆ ಮೇಲೆ ಇಂಗಿದ ನೀರೆಲ್ಲವೂ ಅದು ಹೊರಟ ಆಳಕ್ಕೆ ಹಿಂದಿರುಗಿ ಸೇರುವುದಿಲ್ಲ.

ಪಟ್ಟಣಗಳಲ್ಲಿ ಈಜುಕೊಳಗಳಿಗೆ ಹಾಕುವ ಫೈಬರ್ ಗ್ಲಾಸ್ ಎಂಬ ಗಾಜಿನ ನಾರಿನ ಒಳಪದರವನ್ನು ಇಂಥ ತೊಟ್ಟಿಗಳಿಗೂ ಹಾಕಬಹುದು. ಅದನ್ನು ಸರಿಯಾಗಿ ಹಾಕಿದರೆ ಬಹುಕಾಲ ಬಾಳುವುದು. ತಪ್ಪಾಗಿ ಹಾಕಿದರೆ ಒಂದೆರಡು ವರ್ಷಗಳೊಳಗಾಗಿ ಸಿಪ್ಪೆಯಂತೆ ಎದ್ದುಬರುವುದು. ಎರಡಕ್ಕೂ ತಗಲುವ ವೆಚ್ಚವು ಹೆಚ್ಚುಕಡಿಮೆ ಒಂದೇ. ವ್ಯತ್ಯಾಸವಿರುವುದು ಸಾಮಗ್ರಿಯಲ್ಲಲ್ಲ, ಗೋಡೆಯನ್ನು ಸಿದ್ಧಪಡಿಸುವುದರಲ್ಲಿ. ಒಳಪದರವು ಗೋಡೆಗೆ ಅಂಟಿ ನಿಲ್ಲುವ ಚರ್ಮದಂಥದೇ ಹೊರತು, ಗೋಡೆಯ ಬದಲಿಗೆ ನಿಲ್ಲುವ ಇನ್ನೊಂದು ಗೋಡೆಯಲ್ಲ. ಈ ಒಂದು ಮಾತನ್ನು ಮನಸ್ಸಿನಲ್ಲಿಟ್ಟುಕೊಂಡು ಮುಂದಿನ ಅಂಶಗಳನ್ನು ಓದಬೇಕಾಗಿ ಕೋರುತ್ತೇವೆ.

೧. ಸೋರುವಿಕೆಯನ್ನು ಅಳೆಯುವ ಬಗೆ

ಹಣವನ್ನು ವೆಚ್ಚಮಾಡುವುದಕ್ಕೆ ಮುಂಚೆ, ತೊಟ್ಟಿಯು ನಿಜವಾಗಿ ಸೋರುವುದೋ, ಸೋರಿದರೆ ಎಷ್ಟು ಸೋರುವುದೋ ತಿಳಿಯಬೇಕು. ಇದಕ್ಕೆ ಒಂದು ಬಕೆಟ್ಟು ಸಾಕು. ತೊಟ್ಟಿಯ ಮೆಟ್ಟಿಲಿನ ಮೇಲಾಗಲಿ, ನೀರಿನಲ್ಲಿ ಇಳಿಯಬಿಟ್ಟ ಕಲ್ಲಿನ ಮೇಲಾಗಲಿ ಬಕೆಟ್ಟನ್ನು ಅದರ ಬಾಯಿಯು ನೀರಿನ ಮಟ್ಟಕ್ಕಿಂತ ಮೇಲಿರುವಂತೆ ಕೂರಿಸಿ, ತೇಲದಂತೆ ಒಳಗೆ ಭಾರವಿಟ್ಟು, ಹೊರಗಿನ ನೀರಿನ ಮಟ್ಟಕ್ಕೆ ಸರಿಯಾಗಿ ಒಳಗೂ ನೀರನ್ನು ತುಂಬಬೇಕು. ಬಕೆಟ್ಟಿನ ಒಳಮೈಯಲ್ಲಿ ಒಂದು ಗುರುತನ್ನೂ ಹೊರಮೈಯಲ್ಲಿ ಒಂದು ಗುರುತನ್ನೂ ಮಾಡಿ, ಮಳೆಯಿಲ್ಲದ ದಿನದಲ್ಲಿ, ನೀರನ್ನು ಬಿಡದೆ ತೆಗೆಯದೆ, ೨೪ ಗಂಟೆಗಳ ಕಾಲ ಹಾಗೆಯೇ ಇಡತಕ್ಕದ್ದು. ಬಿಸಿಲಿಗೂ ಗಾಳಿಗೂ ಆರಿಹೋಗುವ ನೀರು ಒಳಗೂ ಹೊರಗೂ ಸಮಾನ. ಆದಕಾರಣ ಹೊರಗಿನ ಮಟ್ಟವು ಒಳಗಿನದಕ್ಕಿಂತ ಎಷ್ಟು ಹೆಚ್ಚಾಗಿ ಇಳಿದಿರುವುದೋ ಅಷ್ಟೂ ಸೋರಿದ ನೀರೆಂದು ತಿಳಿಯಬೇಕು.

ಉದಾಹರಣೆಗೆ ೬ ಮೀಟರು ಉದ್ದ, ೪ ಮೀಟರು ಅಗಲ, ಒಂದೂವರೆ ಮೀಟರು ಆಳವುಳ್ಳ ತೊಟ್ಟಿಯನ್ನು ತೆಗೆದುಕೊಳ್ಳೋಣ. ಇದರಲ್ಲಿ ೩೬,೦೦೦ ಲೀಟರು ನೀರು ಹಿಡಿಯುವುದು. ನೀರಿನ ಮೇಲ್ಮೈಯು ೨೪ ಚದರ ಮೀಟರು. ಮಟ್ಟವು ಒಂದು ಮಿಲಿಮೀಟರು ಇಳಿದರೆ ೨೪ ಲೀಟರು ಹೋದಂತಾಯಿತು. ಸೋರುವಿಕೆಯೊಂದರಿಂದಲೇ ದಿನಕ್ಕೆ ೧೦ ಮಿಲಿಮೀಟರು ಇಳಿಯುವುದಾದರೆ ದಿನವೊಂದಕ್ಕೆ ೨೪೦ ಲೀಟರು, ತಿಂಗಳಿಗೆ ೭,೨೦೦ ಲೀಟರು, ಎಂದರೆ ತುಂಬಿದ ತೊಟ್ಟಿಯ ಐದನೆಯ ಒಂದು ಪಾಲು ವ್ಯರ್ಥವಾಗುವುದು.

ಇನ್ನೊಂದು ಪರೀಕ್ಷೆಯೂ ಉಂಟು. ತೊಟ್ಟಿಗೆ ಹೊಸ ನೀರನ್ನು ಬಿಡದೆ ದಿನದಿನವೂ ಮಟ್ಟವನ್ನು ಗುರುತಿಸುತ್ತ ಬಂದರೆ, ಕೆಲವೆಡೆ ನೀರು ಒಂದು ಎತ್ತರಕ್ಕೆ ಇಳಿದು ಅಲ್ಲಿಯೇ ನಿಲ್ಲುವುದು. ಆಗ ದೋಷವು ಆ ಎತ್ತರದಲ್ಲಿಯೇ ಇರುವುದೆಂದು ಊಹಿಸಬಹುದು. ಅನೇಕ ವೇಳೆ ಅದು ಗೋಡೆಯ ಬಿರುಕಲ್ಲ, ಗೋಡೆಯನ್ನು ತೂರಿಬಂದ ಕೊಳಾಯಿಯ ಸುತ್ತಣ ಸಂದು. ಅಂಥಲ್ಲಿ ಆ ಸಂದನ್ನು ಮಾತ್ರ ರಿಪೇರಿಮಾಡಿದರೆ ಸಾಕಾಗುವುದು; ತೊಟ್ಟಿಗೆಲ್ಲಾ ಒಳಪದರವನ್ನು ಹಾಕುವ ವೆಚ್ಚವು ಉಳಿಯುವುದು.

೨. ಈ ವಸ್ತುವು ಯಾವುದು?

ನೀರು ನಿಲ್ಲುವ ಕಟ್ಟಡಕ್ಕೆ ಒಳಪದರವನ್ನು ಕೊಡುವುದು ಹೊಸ ವಿಚಾರವಲ್ಲ. ಸಿಂಧೂ ಕಣಿವೆಯ ಮೊಹೆಂಜೊದಾರೊ ಪಟ್ಟಣದಲ್ಲಿ ಕ್ರಿ. ಪೂ. ಸುಮಾರು ೨೫೦೦ರ ಕಾಲದ ದೊಡ್ಡ ಸ್ನಾನದ ಕೊಳವೊಂದು ಅಗೆತದಲ್ಲಿ ದೊರೆತಿದೆ. ಸುಮಾರು ೧೨ ಮೀಟರು ಉದ್ದ, ೭ ಮೀಟರು ಅಗಲ, ೨.೪ ಮೀಟರು ಆಳವುಳ್ಳ ಆ ಕೊಳದ ಇಟ್ಟಿಗೆಗಳನ್ನು ಒತ್ತಾಗಿ ಜೋಡಿಸಿ, ನೀರು ಇಂಗದಂತೆ ಇಟ್ಟಿಗೆಯ ಗೋಡೆಯ ಹಿಂದೆ ಡಾಂಬರಿನ ಜಾತಿಯ ನೆಲದೆಣ್ಣೆಯ ಅಂಟನ್ನು ಪದರವಾಗಿ ಬಳಿದಿದ್ದರು. ಆ ಮೆತ್ತನೆಯ ಪದರವು ಬರಿದಾಗಿ ನಿಂತಿರಲಿಲ್ಲ. ಮುಂದೆಯೂ ಹಿಂದೆಯೂ ಇಟ್ಟಿಗೆಯ ಆಸರೆ ಅದಕ್ಕಿತ್ತು. ನಮ್ಮ ನಾಡಿನಲ್ಲಿಯೂ ಸುಣ್ಣಕ್ಕೆ ಇಟ್ಟಿಗೆಯ ಪುಡಿಯನ್ನು ಸೇರಿಸಿ ಅರೆದ ಸುರ್ಕಿ ಗಾರೆಯು ನೀರಿನ ಕಟ್ಟಡಗಳಿಗೆ ಪ್ರಸಿದ್ಧವಾದದ್ದು. ೧೯೧೧ರಲ್ಲಿ ಕೆಲಸ ಪ್ರಾರಂಭವಾದ ಕೃಷ್ಣರಾಜಸಾಗರದ ಅಣೆಕಟ್ಟನ್ನು ಈ ಗಾರೆಯಿಂದಲೇ ಕಟ್ಟಿರುವುದು.

ಗಾಜಿನ ನಾರು ಇವುಗಳಿಗಿಂತ ಬೇರೆಯಾದದ್ದು. ಕರಗಿಸಿದ ಗಾಜನ್ನು ಕೂದಲಿಗಿಂತಲೂ ಸಣ್ಣ ಎಳೆಗಳಾಗಿ ಎಳೆದು, ಆ ಎಳೆಗಳನ್ನು ತುಂಡರಿಸಿ ಚಾಪೆಯಂತೆ ಹರಡಿ ಒತ್ತಿದ್ದಕ್ಕೆ ಮ್ಯಾಟ್ ಎಂದು ಹೆಸರು. ಇದನ್ನು ರೆಸಿನ್ ಎಂಬ ಅಂಟಿನಲ್ಲಿ ನೆನೆಯಿಸಿದರೆ, ಅಂಟು ಗಟ್ಟಿಯಾದ ಮೇಲೆ ಎರಡೂ ಸೇರಿ ಬಲವಾದ ಹಲಗೆಯಂತೆ ಆಗುವುವು. ಮಣ್ಣಿನ ಗೋಡೆಗೆ ಹುಲ್ಲನ್ನು ಸೇರಿಸಿ ಕಲಸುವುದು ಹೇಗೋ ಹಾಗೆಯೇ ಇದು: ಅಂಟು ನೀರನ್ನು ತಡೆಯುವುದು, ನಾರು ಅಂಟನ್ನು ಬಿರಿಯದಂತೆ ಹಿಡಿಯುವುದು. ಅಮೆರಿಕ ದೇಶದಲ್ಲಿ ೧೯೩೦ರ ದಶಕದಲ್ಲಿ ಗಾಜಿನ ನಾರಿನ ತಯಾರಿಕೆಯು ದೊಡ್ಡ ಪ್ರಮಾಣದಲ್ಲಿ ಪ್ರಾರಂಭವಾಗಿ, ಎರಡನೆಯ ಮಹಾಯುದ್ಧದ ಕಾಲದಲ್ಲಿ ವಿಮಾನಗಳ ಭಾಗಗಳಿಗೂ ಆಮೇಲೆ ದೋಣಿಗಳಿಗೂ ಕೊಳಗಳಿಗೂ ಇದರ ಉಪಯೋಗವು ಹಬ್ಬಿತು.

ಅಂಟುಗಳಲ್ಲಿ ಪಾಲಿಯೆಸ್ಟರ್, ವಿನೈಲ್ ಎಸ್ಟರ್, ಎಪಾಕ್ಸಿ ಎಂದು ಮುಖ್ಯವಾಗಿ ಮೂರು ಜಾತಿಗಳುಂಟು. ಪಾಲಿಯೆಸ್ಟರಿನಲ್ಲಿ ಸಾಧಾರಣ ಜಾತಿಯದು ಸದಾ ನೀರಿನಲ್ಲಿರುವ ಕೆಲಸಕ್ಕೆ ಅಷ್ಟಾಗಿ ಒಗ್ಗುವುದಿಲ್ಲ. ಐಸೊಫ್ತಾಲಿಕ್ ಜಾತಿಯದು ಅದಕ್ಕಿಂತ ಉತ್ತಮ. ವಿನೈಲ್ ಎಸ್ಟರು ಇನ್ನೂ ಉತ್ತಮ, ಬೆಲೆಯೂ ಹೆಚ್ಚು. ಆದಕಾರಣ ಕರಾರು ಮಾಡಿಕೊಳ್ಳುವಾಗ ಬರಿದೇ ಫೈಬರ್ ಗ್ಲಾಸ್ ಎಂದು ಬರೆಯಿಸದೆ, ಯಾವ ಜಾತಿಯ ಅಂಟು, ಎಷ್ಟು ತೂಕದ ಮ್ಯಾಟು, ಎಷ್ಟು ಪದರ ಎಂಬುದನ್ನು ಸ್ಪಷ್ಟವಾಗಿ ಬರೆಯಿಸಿಕೊಳ್ಳತಕ್ಕದ್ದು. ಕುಡಿಯುವ ನೀರಿನ ತೊಟ್ಟಿಯಾದರೆ, ಆ ಅಂಟು ಕುಡಿಯುವ ನೀರಿಗೆ ತಕ್ಕದ್ದೆಂಬ ಪ್ರಮಾಣಪತ್ರವನ್ನೂ ಕೇಳಿ ಪಡೆಯಬೇಕು.

೩. ಯಾವ ತೊಟ್ಟಿಗೆ ತಕ್ಕದ್ದು, ಯಾವುದಕ್ಕೆ ತಕ್ಕದ್ದಲ್ಲ

ಗಟ್ಟಿಯಾಗಿ ನಿಂತ ಕಾಂಕ್ರೀಟಿನ ತೊಟ್ಟಿಗೂ, ಒಳ್ಳೆಯ ಸಿಮೆಂಟು ಗಾರೆಯನ್ನು ಬಳಿದ ಇಟ್ಟಿಗೆಯ ಅಥವಾ ಕಲ್ಲಿನ ತೊಟ್ಟಿಗೂ ಇದು ತಕ್ಕದ್ದು. ಈ ಕೆಳಗಿನ ಸಂದರ್ಭಗಳಲ್ಲಿ ಮಾತ್ರ ಹಾಕಕೂಡದು.

ಮೊದಲನೆಯದು, ಮಣ್ಣಿನ ಹೊಂಡಗಳು. ಮಣ್ಣಿಗೆ ಈ ಅಂಟು ಹತ್ತುವುದಿಲ್ಲ; ಮಣ್ಣು ಕುಸಿದರೆ ಪದರವೂ ಒಡೆಯುವುದು. ಕರ್ನಾಟಕ ಸರ್ಕಾರದ ಕೃಷಿಭಾಗ್ಯ ಯೋಜನೆಯಲ್ಲಿ ೨೦೧೪ರಿಂದೀಚೆಗೆ ತೋಡಿಸಿದ ಕೃಷಿಹೊಂಡಗಳಿಗೆ ಹಾಸಿರುವಂಥ ಪಾಲಿಥಿನ್ ಹಾಳೆಯೇ ಅವುಗಳಿಗೆ ಯುಕ್ತ. ಹಾಳೆಯು ಮಣ್ಣಿಗೆ ಅಂಟಿಕೊಳ್ಳದೆ ಅದರ ಮೇಲೆ ಮಲಗಿರುವುದರಿಂದ ನೆಲದ ಅಲ್ಪಸ್ವಲ್ಪ ಕುಸಿತವನ್ನು ತಾಳಿಕೊಳ್ಳುವುದು.

ಎರಡನೆಯದು, ಎರೆಭೂಮಿಯಲ್ಲಿ ಅಲುಗುತ್ತಿರುವ ತೊಟ್ಟಿಗಳು. ಎರೆಮಣ್ಣು ಮಳೆಗಾಲದಲ್ಲಿ ಉಬ್ಬಿ, ಬೇಸಗೆಯಲ್ಲಿ ಕುಗ್ಗಿ ಬಿರಿಯುವುದನ್ನು ಎಲ್ಲರೂ ಬಲ್ಲರು. ತಳಹದಿಯು ಸಾಕಷ್ಟು ಬಲವಾಗಿಲ್ಲದಿದ್ದರೆ ಗೋಡೆಯೂ ಅದರೊಡನೆ ಅಲುಗುವುದು. ಅಲುಗುವ ಬಿರುಕಿನ ಮೇಲೆ ಅಂಟಿಸಿದ ಪದರವು ಅದೇ ಗೆರೆಯಲ್ಲಿ ಸೀಳುವುದು. ಬಿರುಕಿನ ಎರಡು ತುದಿಗಳಲ್ಲಿಯೂ ಸೀಸದಕಡ್ಡಿಯಿಂದ ಗೆರೆ ಎಳೆದು ತಾರೀಖನ್ನು ಬರೆದು, ಬಿರುಕಿಗೆ ಅಡ್ಡಲಾಗಿ ತೆಳುವಾಗಿ ಗಾರೆಯ ತೇಪೆಯನ್ನು ಹಾಕಿ, ಒಂದು ಮಳೆಗಾಲವನ್ನೂ ಒಂದು ಬೇಸಗೆಯನ್ನೂ ನೋಡಬೇಕು. ತೇಪೆಯು ಒಡೆಯದೆ, ಬಿರುಕು ಗುರುತನ್ನು ದಾಟದೆ ಇದ್ದರೆ ಅದು ನಿಂತುಹೋದ ಬಿರುಕು. ಒಡೆದಿದ್ದರೆ ಮೊದಲು ತಳಹದಿಯ ವಿಚಾರವನ್ನು ನೋಡಿಕೊಳ್ಳಬೇಕೇ ಹೊರತು ಒಳಪದರದ ಮಾತನ್ನು ಎತ್ತಬಾರದು.

ಮೂರನೆಯದು, ನೆಲದೊಳಗೆ ನೀರು ಮೇಲೇರಿ ನಿಲ್ಲುವ ಸ್ಥಳಗಳು. ನಾಲಾ ಬಯಲುಗಳಲ್ಲಿಯೂ ಕೆರೆಯ ಹಿಂದಣ ಗದ್ದೆಗಳಲ್ಲಿಯೂ ನೆಲದ ಕೆಳಗೆ ಒಂದೆರಡು ಮೊಳದಲ್ಲಿಯೇ ನೀರಿರುವುದುಂಟು. ಇಂಥಲ್ಲಿ ನೆಲದಲ್ಲಿ ಹುಗಿದ ತೊಟ್ಟಿಯನ್ನಾಗಲಿ ಈಜುಕೊಳವನ್ನಾಗಲಿ ಬರಿದು ಮಾಡಿದರೆ, ಹೊರಗಿನ ನೀರು ಒಳಕ್ಕೆ ಒತ್ತುವುದು. ಹೊರಗಿನ ನೀರಿನ ಮಟ್ಟವು ತೊಟ್ಟಿಯ ತಳಕ್ಕಿಂತ ಒಂದು ಮೀಟರು ಮೇಲಿದ್ದರೆ ತಳದ ಪ್ರತಿ ಚದರ ಮೀಟರಿನ ಮೇಲೂ ಸುಮಾರು ೧,೦೦೦ ಕಿಲೋಗ್ರಾಂ ಬಲವು ಕೆಳಗಿನಿಂದ ಮೇಲಕ್ಕೆ ನೂಕುವುದು. ಒಳಪದರವು ಗುಳ್ಳೆಯಂತೆ ಎದ್ದು ಕಿತ್ತುಬರುವುದಲ್ಲದೆ, ಕೆಲವೊಮ್ಮೆ ಕೊಳವೇ ಮೇಲಕ್ಕೆ ಏಳುವುದು. ಇಂಥ ಸ್ಥಳದಲ್ಲಿ ಬೇಸಗೆಯ ಕೊನೆಯಲ್ಲಿ, ನೆಲದ ನೀರು ತೀರ ಕೆಳಗಿರುವಾಗ ಮಾತ್ರ ಬರಿದು ಮಾಡಬೇಕು. ಪಕ್ಕದಲ್ಲಿ ಒಂದು ಗುಂಡಿಯನ್ನು ತೋಡಿಸಿ ನೀರಿನ ಮಟ್ಟವನ್ನು ನೋಡಿಕೊಂಡ ತರುವಾಯವೇ ಕೆಲಸಕ್ಕೆ ಕೈಹಾಕಬೇಕು.

೪. ಗೋಡೆಯನ್ನು ಸಿದ್ಧಪಡಿಸುವುದು

ಹೊಸದಾಗಿ ಕಟ್ಟಿದ ತೊಟ್ಟಿಗೆ ಕೂಡಲೇ ಒಳಪದರವನ್ನು ಹಾಕಕೂಡದು. ಹೊಸ ಸಿಮೆಂಟಿನಲ್ಲಿ ನೀರಿನ ಅಂಶವೂ ಕ್ಷಾರವೂ ಹೆಚ್ಚಾಗಿರುವುವು. ನೀರು ಅಂಟನ್ನು ಹತ್ತಗೊಡುವುದಿಲ್ಲ. ಕ್ಷಾರವು ಪಾಲಿಯೆಸ್ಟರನ್ನೂ ಗಾಜಿನ ನಾರನ್ನೂ ಕಾಲಕ್ರಮದಲ್ಲಿ ತಿನ್ನುವುದು. ಕಾಂಕ್ರೀಟು ಹಾಕಿ ೨೮ ದಿನಗಳು ಕಳೆದು, ಅದರ ಮೇಲೂ ಚೆನ್ನಾಗಿ ಒಣಗಬೇಕು.

ಹಳೆಯ ತೊಟ್ಟಿಯಾದರೆ ನೀರನ್ನು ತೆಗೆದು, ಪಾಚಿ, ಬೂದು, ಹಳೆಯ ಬಣ್ಣ, ಸುಣ್ಣ ಇವೆಲ್ಲವನ್ನೂ ಕೆರೆದು ತೆಗೆಯಬೇಕು. ಅನಂತರ ಗೋಡೆಯನ್ನೆಲ್ಲಾ ಸಣ್ಣ ಸುತ್ತಿಗೆಯಿಂದ ತಟ್ಟುತ್ತ ಬರಬೇಕು. ಗಟ್ಟಿಯಾದ ಕಡೆ ಶಬ್ದವು ಕಣಕಣ ಎನ್ನುವುದು. ಗಾರೆಯು ಬಿಟ್ಟಿರುವ ಕಡೆ ಟೊಳ್ಳು ಶಬ್ದವು ಬರುವುದು. ಟೊಳ್ಳಾದ ಭಾಗವನ್ನು ದಾಕ್ಷಿಣ್ಯವಿಲ್ಲದೆ ಒಡೆದು ತೆಗೆದು ಹೊಸ ಗಾರೆಯನ್ನು ಹಾಕಿ ಒಣಗಿಸಬೇಕು. ನಿಂತುಹೋದ ಬಿರುಕನ್ನು ಉಳಿಯಿಂದ ಸ್ವಲ್ಪ ಅಗಲಿಸಿ ತಕ್ಕ ಪುಟ್ಟಿಯಿಂದ ತುಂಬಬೇಕು. ತರುವಾಯ ಮೇಲ್ಮೈಯನ್ನು ಉಜ್ಜುವ ಯಂತ್ರದಿಂದ ಒರಟು ಮಾಡಿ, ಸಿಮೆಂಟಿನ ಹಾಲು ಹೆಪ್ಪುಗಟ್ಟಿದ ನಯವಾದ ಪೊರೆಯನ್ನು ತೆಗೆದು, ಧೂಳೆಲ್ಲವನ್ನೂ ಗುಡಿಸಿ ತೆಗೆಯಬೇಕು. ಮರಳು ಕಾಗದದಷ್ಟು ಒರಟಾದ ಮೈಯಿದ್ದರೆ ಅಂಟು ಕಚ್ಚಿಕೊಳ್ಳುವುದು.

ಗೋಡೆಯು ಗೋಡೆಯನ್ನು ಕೂಡುವ ಮೂಲೆಗಳಲ್ಲಿಯೂ, ಗೋಡೆಯು ತಳವನ್ನು ಕೂಡುವ ಸಂದಿನಲ್ಲಿಯೂ ಪುಟ್ಟಿಯನ್ನಾಗಲಿ ಗಾರೆಯನ್ನಾಗಲಿ ಹಾಕಿ ಸುಮಾರು ಎರಡು ಅಂಗುಲದ ಗುಂಡುಮೂಲೆಯನ್ನು ಮಾಡಬೇಕು. ಮ್ಯಾಟು ಚೂಪುಮೂಲೆಯಲ್ಲಿ ಮಡಿಸಿ ಕೂರುವುದಿಲ್ಲ. ಅಲ್ಲಿ ಹಿಂದೆ ಗಾಳಿಯು ಉಳಿದು, ಮೊದಲು ಒಡೆಯುವ ಸ್ಥಳವೇ ಅದಾಗುವುದು.

ಗೋಡೆಯು ಒಣಗಿದೆಯೇ ಇಲ್ಲವೇ ಎಂಬುದನ್ನು ಕಣ್ಣಿನಿಂದ ತೀರ್ಮಾನಿಸಬಾರದು. ಒಂದೂವರೆ ಅಡಿ ಚೌಕದ ಪಾರದರ್ಶಕ ಪ್ಲಾಸ್ಟಿಕ್ ಹಾಳೆಯನ್ನು ಗೋಡೆಗೂ ತಳಕ್ಕೂ ಇಟ್ಟು, ನಾಲ್ಕು ಅಂಚುಗಳನ್ನೂ ಟೇಪಿನಿಂದ ಗಾಳಿಯಾಡದಂತೆ ಅಂಟಿಸಿ, ಒಂದು ರಾತ್ರಿ ಬಿಡಬೇಕು. ಬೆಳಗ್ಗೆ ಹಾಳೆಯ ಒಳಮೈಯಲ್ಲಿ ಹನಿಗಳಿದ್ದರೂ, ಅಡಿಯ ಸಿಮೆಂಟು ಕಪ್ಪಾಗಿದ್ದರೂ ಇನ್ನೂ ಒಣಗಿಲ್ಲವೆಂದು ತಿಳಿದು ಕಾಯತಕ್ಕದ್ದು. ಕೆಲಸಗಾರರು ಅವಸರಪಡಿಸಿದರೂ ಯಜಮಾನನು ಈ ಪರೀಕ್ಷೆಯನ್ನು ಬಿಡಬಾರದು. ಒಳಪದರವು ಕಿತ್ತುಬರುವುದಕ್ಕೆ ಹಸಿಗೋಡೆಯು ಒಂದು ಮುಖ್ಯ ಕಾರಣ.

೫. ಸಾಮಗ್ರಿಗಳ ಲೆಕ್ಕ

ಮೇಲೆ ಹೇಳಿದ ೬ ಮೀಟರು, ೪ ಮೀಟರು, ಒಂದೂವರೆ ಮೀಟರಿನ ತೊಟ್ಟಿಗೆ ತಳವು ೨೪ ಚದರ ಮೀಟರು, ನಾಲ್ಕು ಗೋಡೆಗಳು ೩೦ ಚದರ ಮೀಟರು, ಒಟ್ಟು ೫೪ ಚದರ ಮೀಟರು. ಒಂದರ ಮೇಲೊಂದು ಹಾಯಿಸುವ ಅಂಚಿಗೂ ಕತ್ತರಿಸುವಾಗಿನ ನಷ್ಟಕ್ಕೂ ಹತ್ತನೆಯ ಒಂದು ಪಾಲನ್ನು ಸೇರಿಸಿದರೆ ಪದರವೊಂದಕ್ಕೆ ಸುಮಾರು ೬೦ ಚದರ ಮೀಟರು ಮ್ಯಾಟು ಬೇಕು. ಚದರ ಮೀಟರಿಗೆ ೪೫೦ ಗ್ರಾಂ ತೂಕದ ಮ್ಯಾಟು ವಾಡಿಕೆಯದು. ಇದರ ಒಂದು ಪದರವು ಅಂಟಿನೊಡನೆ ಸುಮಾರು ಒಂದು ಮಿಲಿಮೀಟರು ದಪ್ಪವಾಗುವುದು. ಎರಡು ಪದರಕ್ಕೆ ಕಡಿಮೆಯಾಗಿ ಹಾಕುವುದು ಉಚಿತವಲ್ಲ.

ಎರಡು ಪದರಕ್ಕೆ ೧೨೦ ಚದರ ಮೀಟರು, ಎಂದರೆ ೫೪ ಕಿಲೋಗ್ರಾಂ ಮ್ಯಾಟು. ಕೈಕೆಲಸದಲ್ಲಿ ಮ್ಯಾಟಿನ ತೂಕದ ಎರಡೂವರೆಯಷ್ಟು ಅಂಟು ಹಿಡಿಯುವುದು. ಆದಕಾರಣ ೧೩೫ ಕಿಲೋಗ್ರಾಂ. ಗೋಡೆಗೆ ಮೊದಲು ಹಚ್ಚುವ ಪ್ರೈಮರಿಗೂ ಕಟ್ಟಕಡೆಯ ಮೇಲುಲೇಪಕ್ಕೂ ಒಟ್ಟು ಸುಮಾರು ೪೫ ಕಿಲೋಗ್ರಾಂ. ಈ ಲೆಕ್ಕವನ್ನು ಯಜಮಾನನು ತಾನೇ ಮಾಡಿಟ್ಟುಕೊಂಡಿದ್ದರೆ, ಕೆಲಸಕ್ಕೆ ಬಂದ ಡಬ್ಬಗಳನ್ನು ಎಣಿಸಿ ನೋಡಿ, ಪದರವೊಂದನ್ನು ಕಡಿಮೆ ಮಾಡಿದ್ದಾರೆಯೇ ಎಂಬುದನ್ನು ಸುಲಭವಾಗಿ ಅರಿಯಬಹುದು. ಪ್ರೈಮರು, ಅಂಟು, ಮೇಲುಲೇಪ ಈ ಮೂರೂ ಒಂದಕ್ಕೊಂದು ಹೊಂದುವುವೆಂದು ತಯಾರಕರು ಬರೆದು ಕೊಟ್ಟವುಗಳಾಗಿರಬೇಕು. ಎಪಾಕ್ಸಿಯ ಮೇಲೆ ಪಾಲಿಯೆಸ್ಟರು ಸರಿಯಾಗಿ ಹತ್ತದೆ ಹೋಗುವುದುಂಟು.

೬. ಪದರವನ್ನು ಹಾಕುವ ಕ್ರಮ

ತೊಟ್ಟಿಯ ಮೇಲೆ ನೇರವಾದ ಬಿಸಿಲೂ ಮಳೆಯೂ ಬೀಳದಂತೆ ಎತ್ತರವಾದ ಚಪ್ಪರವನ್ನು ಹಾಕಿ, ನಾಲ್ಕು ಕಡೆಯೂ ಗಾಳಿಗೆ ತೆರೆದಿಡಬೇಕು. ಗೋಡೆಯು ಬಿಸಿಯೇರುತ್ತಿರುವ ಬೆಳಗಿನಲ್ಲಿ ಪ್ರೈಮರನ್ನು ಹಚ್ಚಿದರೆ, ಸಿಮೆಂಟಿನ ಸಣ್ಣ ರಂಧ್ರಗಳಲ್ಲಿರುವ ಗಾಳಿಯು ಹಿಗ್ಗಿ ಹೊರಟು ಲೇಪದಲ್ಲಿ ಸೂಜಿಯ ಮೊನೆಯಂಥ ತೂತುಗಳನ್ನು ಮಾಡುವುದು. ಗೋಡೆಯು ತಣ್ಣಗಾಗುತ್ತಿರುವ ಸಂಜೆಯಲ್ಲಿ ಹಚ್ಚಿದರೆ ಲೇಪವು ಒಳಕ್ಕೆ ಸೆಳೆಯಲ್ಪಡುವುದು.

ಅಂಟಿಗೆ ಅದನ್ನು ಗಟ್ಟಿಮಾಡುವ ದ್ರವವನ್ನು ನೂರು ಭಾಗಕ್ಕೆ ಒಂದರಿಂದ ಎರಡು ಭಾಗದವರೆಗೆ, ತಯಾರಕರು ಹೇಳಿದ ಪ್ರಮಾಣದಲ್ಲಿ, ಅಳೆದು ಬೆರೆಸಬೇಕು, ಕಣ್ಣಳತೆಯು ಸಲ್ಲದು. ಪ್ರಮಾಣವು ಕಡಿಮೆಯಾದರೆ ಅಂಟು ಎಂದಿಗೂ ಪೂರ್ತಿಯಾಗಿ ಗಟ್ಟಿಯಾಗದು. ಹೆಚ್ಚಾದರೆ ಬಿಸಿಯೇರಿ ಬಿರಿಯುವುದು. ಬೆರೆಸಿದ ಅಂಟು ಸುಮಾರು ೨೦ ರಿಂದ ೩೦ ನಿಮಿಷಗಳೊಳಗೆ ಹೆಪ್ಪುಗಟ್ಟುವುದರಿಂದ, ಆ ಕಾಲದಲ್ಲಿ ಬಳಸಿ ಮುಗಿಸುವಷ್ಟನ್ನು ಮಾತ್ರ ಬೆರೆಸಬೇಕು.

ಮೊದಲು ಗೋಡೆಗಳು, ಆಮೇಲೆ ತಳ. ಗೋಡೆಗೆ ಅಂಟನ್ನು ಬಳಿದು, ಅದರ ಮೇಲೆ ಕತ್ತರಿಸಿಟ್ಟ ಮ್ಯಾಟನ್ನು ಒತ್ತಿ, ಮೇಲೆ ಮತ್ತೆ ಅಂಟನ್ನು ಕೊಟ್ಟು, ಗೀರುಗಳುಳ್ಳ ಲೋಹದ ರೋಲರಿನಿಂದ ಒಳಗಿನ ಗಾಳಿಯೆಲ್ಲವೂ ಹೊರಡುವಂತೆ ಉರುಳಿಸಬೇಕು. ಬಿಳಿಯಾಗಿದ್ದ ಮ್ಯಾಟು ಅಂಟನ್ನು ಕುಡಿದು ಪಾರದರ್ಶಕವಾಗಿ, ಅಡಿಯ ಗೋಡೆಯು ಕಾಣಬೇಕು. ಬಿಳಿಯ ಮಚ್ಚೆಯುಳಿದರೆ ಅಲ್ಲಿ ನಾರು ಒಣಗಿದೆಯೆಂದೂ ಗಾಳಿಯು ಸಿಕ್ಕಿದೆಯೆಂದೂ ಅರ್ಥ. ಪಕ್ಕದ ತುಂಡು ಹಿಂದಿನ ತುಂಡಿನ ಮೇಲೆ ಎರಡು ಅಂಗುಲಕ್ಕೆ ಕಡಿಮೆಯಿಲ್ಲದೆ ಹಾಯಬೇಕು. ಎರಡನೆಯ ಪದರದ ಸಂದುಗಳು ಮೊದಲನೆಯದರ ಸಂದುಗಳ ಮೇಲೆ ಬೀಳದಂತೆ, ಇಟ್ಟಿಗೆಯನ್ನು ಕಟ್ಟುವಾಗ ಸಂದನ್ನು ತಪ್ಪಿಸುವ ಹಾಗೆಯೇ, ತಪ್ಪಿಸಬೇಕು. ತಳದ ಮ್ಯಾಟು ಗುಂಡುಮೂಲೆಯನ್ನು ಹತ್ತಿ ಗೋಡೆಯ ಮೇಲೆ ಏರಬೇಕು. ಕೊಳಾಯಿಗಳ ಬಾಯಿಯ ಸುತ್ತಲೂ ಹೆಚ್ಚಿಗೆ ಒಂದು ಪದರವನ್ನು ಕೊಡುವುದು ವಿಹಿತ.

ಗಾಳಿಯ ಸಂಪರ್ಕದಿಂದ ಪಾಲಿಯೆಸ್ಟರಿನ ಮೇಲ್ಮೈಯು ಅಂಟಂಟಾಗಿಯೇ ಉಳಿಯುವುದುಂಟು. ಆದಕಾರಣ ಕಡೆಯ ಲೇಪದಲ್ಲಿ ಮೇಣವು ಸೇರಿರಬೇಕು. ಆ ಮೇಣವು ಮೇಲಕ್ಕೆ ತೇಲಿಬಂದು ಗಾಳಿಯನ್ನು ತಡೆಯುವುದು. ಬಣ್ಣವನ್ನು ಸೇರಿಸುವುದಾದರೆ ಈ ಲೇಪದಲ್ಲಿಯೇ ಸೇರಿಸಬೇಕು.

೭. ಪ್ರಾಣಾಪಾಯದ ವಿಷಯ

ಈ ಭಾಗವನ್ನು ಗ್ರಾಮದ ಮುಖ್ಯಸ್ಥರು ಕೆಲಸಗಾರರಿಗೆ ಓದಿ ತಿಳಿಸಬೇಕಾಗಿ ವಿಶೇಷವಾಗಿ ಸೂಚಿಸಲಾಗಿದೆ.

ಪಾಲಿಯೆಸ್ಟರಿನಲ್ಲಿಯೂ ವಿನೈಲ್ ಎಸ್ಟರಿನಲ್ಲಿಯೂ ಸ್ಟೈರೀನ್ ಎಂಬ ದ್ರವವಿರುವುದು. ಅದರ ಆವಿಯು ಗಾಳಿಗಿಂತ ಭಾರವಾದದ್ದರಿಂದ ಮೇಲೇರಿ ಹೋಗದೆ ತೊಟ್ಟಿಯ ತಳದಲ್ಲಿಯೇ ನೀರಿನಂತೆ ನಿಲ್ಲುವುದು. ಅದನ್ನು ಉಸಿರಾಡಿದವನಿಗೆ ಮೊದಲು ಕಣ್ಣುರಿ ಮತ್ತು ತಲೆನೋವು, ಆಮೇಲೆ ಮಂಪರು ಬಂದು, ಮೇಲಕ್ಕೆ ಹತ್ತಿ ಬರುವ ಶಕ್ತಿಯೇ ಇಲ್ಲದೆ ಹೋಗಬಹುದು. ಇದಲ್ಲದೆ ಸುಮಾರು ೩೧ ಡಿಗ್ರಿ ಸೆಂಟಿಗ್ರೇಡಿಗೆ ಬಿಸಿಯಾದ ಸ್ಟೈರೀನಿನ ಆವಿಯು ಕಿಡಿಯೊಂದು ಸೋಕಿದರೆ ಹೊತ್ತಿಕೊಳ್ಳುವುದು. ನಮ್ಮ ಬೇಸಗೆಯ ಮಧ್ಯಾಹ್ನದ ಶಾಖವು ಇದಕ್ಕಿಂತ ಹೆಚ್ಚೆಂಬುದನ್ನು ನೆನೆಯಬೇಕು. ಆದಕಾರಣ:

(ಅ) ತೊಟ್ಟಿಯ ತಳದ ಗಾಳಿಯನ್ನು ಹೊರಕ್ಕೆ ಎಳೆಯುವಂತೆ, ಕಿಡಿಹಾರದ ಜಾತಿಯ ಫ್ಯಾನನ್ನು ಕೊಳವೆಯೊಡನೆ ಇಟ್ಟು ಕೆಲಸ ಮುಗಿಯುವ ಪರ್ಯಂತ ನಡೆಯಿಸಬೇಕು.

(ಆ) ಒಬ್ಬನೇ ಎಂದಿಗೂ ಒಳಗಿಳಿಯಕೂಡದು; ಮೇಲೆ ಒಬ್ಬನು ಸದಾ ಕಾವಲಿರಬೇಕು. ಒಳಗೆ ಒಬ್ಬನು ಮೂರ್ಛೆಹೋದರೆ, ಅವನನ್ನು ಎತ್ತಲೆಂದು ಮತ್ತೊಬ್ಬನು ಹಾಗೆಯೇ ಧುಮುಕಿದರೆ ಇಬ್ಬರೂ ಹೋಗುವರು. ಇಳಿಯುವವನ ನಡುವಿಗೆ ಮೊದಲೇ ಹಗ್ಗವನ್ನು ಕಟ್ಟಿದ್ದರೆ ಮೇಲಿನಿಂದಲೇ ಎಳೆಯಬಹುದು. ಮೇಲೆ ಮುಚ್ಚಿದ್ದು ಸಣ್ಣ ಬಾಯಿಯೊಂದೇ ಇರುವ ತೊಟ್ಟಿಗಳ ಕೆಲಸವನ್ನು ಹೊರಗಿನ ಗಾಳಿಯನ್ನು ಕೊಡುವ ಸಲಕರಣೆಯುಳ್ಳ ನುರಿತವರಿಗಲ್ಲದೆ ಇತರರಿಗೆ ಒಪ್ಪಿಸಕೂಡದು.

(ಇ) ಬೀಡಿ, ದೀಪ, ಒಲೆ, ಕಿಡಿಹಾರುವ ಯಂತ್ರ ಇವು ಯಾವುವೂ ಹತ್ತಿರದಲ್ಲಿರಬಾರದು.

(ಈ) ಅಂಟನ್ನು ಗಟ್ಟಿಮಾಡುವ ದ್ರವವನ್ನೂ, ಅದನ್ನು ತ್ವರಿತಗೊಳಿಸುವ ಕೋಬಾಲ್ಟ್ ದ್ರವವನ್ನೂ ನೇರವಾಗಿ ಒಂದಕ್ಕೊಂದು ಬೆರೆಸಿದರೆ ಸಿಡಿಯುವುದು. ಕೋಬಾಲ್ಟನ್ನು ತಯಾರಕರೇ ಸೇರಿಸಿ ಕೊಟ್ಟ ಅಂಟನ್ನು ಕೊಂಡರೆ ಈ ಅಪಾಯವೇ ಇರದು. ಹಾಗೆಯೇ ಮಾಡುವುದು ಲೇಸು.

(ಉ) ಗಟ್ಟಿಮಾಡುವ ದ್ರವದ ಒಂದು ಹನಿಯು ಕಣ್ಣಿಗೆ ಬಿದ್ದರೂ ದೃಷ್ಟಿಯು ಹೋಗಬಹುದು. ಬೆರೆಸುವವನು ಕನ್ನಡಕವನ್ನೂ ಕೈಚೀಲಗಳನ್ನೂ ಧರಿಸಬೇಕು. ಕಣ್ಣಿಗೆ ಬಿದ್ದ ಪಕ್ಷದಲ್ಲಿ ಕೂಡಲೇ ಶುದ್ಧವಾದ ನೀರಿನಿಂದ ೧೫ ನಿಮಿಷಗಳಿಗೆ ಕಡಿಮೆಯಿಲ್ಲದೆ ತೊಳೆಯುತ್ತಿದ್ದು ಆಸ್ಪತ್ರೆಗೆ ಕರೆದೊಯ್ಯಬೇಕು.

(ಊ) ಬೆರೆಸಿ ಉಳಿದ ಅಂಟನ್ನು ಡಬ್ಬದಲ್ಲಿ ರಾಶಿಯಾಗಿ ಬಿಟ್ಟರೆ ತಾನಾಗಿ ಬಿಸಿಯೇರಿ ಹೊಗೆಯೆದ್ದು ಹೊತ್ತಿಕೊಳ್ಳುವುದುಂಟು. ಅದನ್ನು ಬಯಲಿನಲ್ಲಿ ತೆಳುವಾಗಿ ಹರಡಿ ಗಟ್ಟಿಯಾಗಲು ಬಿಡಬೇಕು. ಹುಲ್ಲಿನ ಬಣವೆಯ ಬಳಿಯಲ್ಲಿ ಇಡಲೇಕೂಡದು.

(ಋ) ಗಟ್ಟಿಯಾದ ಪದರವನ್ನು ಉಜ್ಜುವಾಗ ಏಳುವ ಗಾಜಿನ ಧೂಳು ಚರ್ಮಕ್ಕೂ ಶ್ವಾಸಕೋಶಕ್ಕೂ ಹಾನಿಕರ. ಮೂಗು ಬಾಯಿಗಳಿಗೆ ಧೂಳು ತಡೆಯುವ ಮಾಸ್ಕನ್ನು ಧರಿಸಬೇಕು. ನಾರಿನ ಚೂರುಗಳು ದನಗಳ ಮೇವಿಗೆ ಸೇರದಂತೆ ಒಟ್ಟುಮಾಡಿ ಹೂಳಿಸಬೇಕು.

೮. ಕೆಲಸವನ್ನು ಪರೀಕ್ಷಿಸುವುದು

ಪದರವು ಗಟ್ಟಿಯಾದ ತರುವಾಯ, ಪೂರ್ತಿ ಹಣವನ್ನು ಕೊಡುವುದಕ್ಕೆ ಮುಂಚೆ, ಯಜಮಾನನು ಮೂರು ಪರೀಕ್ಷೆಗಳನ್ನು ಮಾಡಬೇಕು. ಮೊದಲನೆಯದು, ನಾಣ್ಯವೊಂದರಿಂದ ಎಲ್ಲೆಡೆಯೂ ತಟ್ಟಿ ಟೊಳ್ಳು ಶಬ್ದವು ಬರುವ ಸ್ಥಳಗಳನ್ನು ಗುರುತಿಸುವುದು. ಅಲ್ಲಿ ಪದರವು ಗೋಡೆಯನ್ನು ಬಿಟ್ಟಿರುವುದು. ಎರಡನೆಯದು, ಬಿಳಿಯ ಮಚ್ಚೆಗಳನ್ನೂ ಗುಳ್ಳೆಗಳನ್ನೂ ಹೊರಗೆ ಕಾಣುವ ನಾರಿನ ಎಳೆಗಳನ್ನೂ ನೋಡುವುದು. ಇದನ್ನು ಬಣ್ಣದ ಲೇಪವನ್ನು ಹಚ್ಚುವುದಕ್ಕೆ ಮುಂಚೆಯೇ ಮಾಡಬೇಕು. ಬಣ್ಣವು ಎಲ್ಲಾ ತಪ್ಪುಗಳನ್ನೂ ಮುಚ್ಚುವುದು. ಮೂರನೆಯದು, ಅಸಿಟೋನ್ ದ್ರವದಲ್ಲಿ ಅದ್ದಿದ ಬಟ್ಟೆಯಿಂದ ಮೇಲ್ಮೈಯ ಮೇಣವನ್ನು ಒರಸಿ ತೆಗೆದು, ಅಲ್ಲಿಯೇ ಮತ್ತೆ ಉಜ್ಜುವುದು. ಮೈಯು ಅಂಟಂಟಾದರೆ ಅಂಟು ಇನ್ನೂ ಪಕ್ವವಾಗಿಲ್ಲ. ದೋಷವಿರುವ ಸ್ಥಳವನ್ನು ಕತ್ತರಿಸಿ ತೆಗೆದು, ಸುತ್ತಲೂ ಉಜ್ಜಿ, ಹೊಸ ತೇಪೆಯನ್ನು ಹಾಕಿಸಬೇಕು.

ಕೆಲಸವು ಮುಗಿದ ಮೇಲೆ ಒಂದು ವಾರ ಕಾಲ ಹಾಗೆಯೇ ಬಿಟ್ಟು ಆಮೇಲೆ ತೊಳೆದು ನೀರನ್ನು ತುಂಬಬೇಕು. ಮೊದಲ ಸಲದ ನೀರನ್ನು ಎರಡು ಮೂರು ದಿನ ನಿಲ್ಲಿಸಿ ಹೊರಕ್ಕೆ ಬಿಡಬೇಕು. ಅದನ್ನು ಮನುಷ್ಯರಿಗಾಗಲಿ ದನಗಳಿಗಾಗಲಿ ಕುಡಿಯಲು ಕೊಡಕೂಡದು. ಎರಡನೆಯ ಸಲ ತುಂಬಿದಾಗ ಬಕೆಟ್ಟಿನ ಪರೀಕ್ಷೆಯನ್ನು ಪುನಃ ಮಾಡಿ, ಮೊದಲಿನ ಅಂಕಿಯೊಡನೆ ಹೋಲಿಸಿ ನೋಡಬೇಕು.

೯. ಮುಂದಿನ ಪಾಲನೆ

ವರ್ಷಕ್ಕೊಮ್ಮೆ ನೀರನ್ನು ತೆಗೆದು ಮೆತ್ತನೆಯ ಬ್ರಷ್ಷಿನಿಂದ ಪಾಚಿಯನ್ನು ತೊಳೆಯಬೇಕು. ಹಾರೆ, ಗುದ್ದಲಿ, ತಂತಿಯ ಬ್ರಷ್ಷು ಇವುಗಳನ್ನು ಒಳಗೆ ಬಳಸಬಾರದು. ಕೆಲವು ವರ್ಷಗಳ ಮೇಲೆ ಸಣ್ಣ ಸಣ್ಣ ಬೊಬ್ಬೆಗಳು ಎದ್ದು, ಒಡೆದರೆ ಹುಳಿವಾಸನೆಯ ದ್ರವವು ಹೊರಟರೆ, ನೀರು ಲೇಪವನ್ನು ಹೊಕ್ಕು ಒಳಗಿನ ಅಂಟನ್ನು ಕೆಡಿಸುತ್ತಿರುವುದೆಂದು ತಿಳಿಯಬೇಕು. ಮೊದಲಲ್ಲಿಯೇ ಉಜ್ಜಿ ಒಣಗಿಸಿ ಹೊಸ ಲೇಪವನ್ನು ಕೊಟ್ಟರೆ ಹರಡುವುದಿಲ್ಲ. ಈಜುಕೊಳವಾದರೆ ನೀರಿನ ಆಮ್ಲಕ್ಷಾರಗಳ ಅಳತೆಯಾದ ಪಿ.ಎಚ್. ಅಂಕಿಯನ್ನು ೭.೨ ರಿಂದ ೭.೮ರೊಳಗೆ ಇಡಬೇಕು, ಕ್ಲೋರಿನ್ ಪುಡಿಯನ್ನು ತಳದ ಮೇಲೆ ರಾಶಿಯಾಗಿ ಸುರಿಯದೆ ನೀರಿನಲ್ಲಿ ಕದಡಿ ಹಾಕಬೇಕು.

ಕಡೆಯದಾಗಿ ಒಂದು ಮಾತು. ಹಳೆಯ ಒರಟುಗೋಡೆಯನ್ನು ಹಿಡಿದು ಹತ್ತಿಬರಲು ಸಾಧ್ಯವಿತ್ತು. ಗಾಜಿನ ನಾರಿನ ಗೋಡೆಯಾದರೋ ನಯವಾಗಿ, ಪಾಚಿ ಕಟ್ಟಿದರೆ ಎಣ್ಣೆ ಸವರಿದಂತೆ ಜಾರುವುದು. ಅದರೊಳಗೆ ಬಿದ್ದ ಮಗುವೂ ಕರುವೂ ತಾವಾಗಿ ಮೇಲೆ ಬರಲಾರವು. ನೀರನ್ನು ತುಂಬುವುದಕ್ಕೆ ಮುಂಚೆಯೇ ಸುತ್ತಲೂ ಬೇಲಿಯನ್ನೂ ಬೀಗವುಳ್ಳ ಬಾಗಿಲನ್ನೂ ಹಾಕಿಸಿ, ಒಳಗೆ ಮೆಟ್ಟಿಲನ್ನೋ ಏಣಿಯನ್ನೋ ನಿಲ್ಲಿಸಿ, ನೀರಿನವರೆಗೆ ಗಂಟುಗಳುಳ್ಳ ಹಗ್ಗವನ್ನು ಇಳಿಬಿಡಬೇಕು. ಒಳಪದರಕ್ಕೆ ಅಷ್ಟು ಹಣವನ್ನು ಹಾಕುವವನಿಗೆ ಬೇಲಿಯ ವೆಚ್ಚವು ದೊಡ್ಡದಲ್ಲ. ಗ್ರಾಮದ ಮುಖ್ಯಸ್ಥರು ತಮ್ಮ ಎಲ್ಲೆಯೊಳಗೆ ಬೇಲಿಯಿಲ್ಲದ ತೊಟ್ಟಿಯು ಕಂಡುಬಂದಲ್ಲಿ ಅದರ ಯಜಮಾನನಿಗೆ ತಿಳಿಯಹೇಳಿ, ಮುಂದಿನ ಮಳೆಗಾಲದೊಳಗಾಗಿ ಬೇಲಿಯನ್ನು ಹಾಕಿಸುವಂತೆ ಮಾಡುವುದು ಅತ್ಯವಶ್ಯಕ.